ಮೂರನೆಯ ಕೊಕ್ಕೆಯ ಗಿಳಿ

ಶಿವನ ದಯೆಯಿಂದ ಎರಡು ಹೊತ್ತೂ ಎಲ್ಲರ ಮನೆ ಒಲೆ ಉರಿಯುತ್ತಿದ್ದ ಒಂದು ರಾಜ್ಯವಿತ್ತಂತೆ. ಅದಕ್ಕೊಂದು ಕಲ್ಲಿನ ಕೋಟೆ. ಕೋಟೆಗೆ ಒಂದೇ ಹೆಬ್ಬಾಗಿಲು, ಅದಕ್ಕೆ ಶಿವನ ಹೆಸರನ್ನೇ ಇಟ್ಟಿದ್ದರು. ಓಲೆ ಬರಲಿ, ಗಾಡಿ ಬರಲಿ, ದೂರು ಹೊತ್ತ ಬಡವ ಬರಲಿ, ಆ ಬಾಗಿಲನ್ನೇ ಹಾಯಬೇಕು.

ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಕಟ್ಟಳೆಯನ್ನು ಹಿಂದಿನವರು ಬಾಗಿಲ ಕಲ್ಲಿನಲ್ಲೇ ಕೆತ್ತಿಸಿದ್ದರು. ಒಂದು ಕಟ್ಟಳೆ ಬದಲಿಸಬೇಕಾದರೆ ಬಾಗಿಲು ಮುಚ್ಚಬೇಕು, ಗೋಡೆ ಒಡೆಯಬೇಕು, ಹೊಸ ಕಲ್ಲು ಕೂರಿಸಬೇಕು. ಒಮ್ಮೆ ಪಕ್ಕದ ಸೀಮೆಯ ದನಗಳಿಗೆ ಕಾಲುಬಾಯಿ ಜ್ವರ ಬಂತು. ಅವನ್ನು ತಡೆಯಿರಿ ಎಂದು ಕಲ್ಲು ಕೆತ್ತಿ ಮುಗಿಸುವಷ್ಟರಲ್ಲಿ ಕೋಟೆಯ ಕೊಟ್ಟಿಗೆಗಳೆಲ್ಲ ಬರಿದಾಗಿದ್ದವು.

ಆಗ ಅರಮನೆಯ ಗಿಳಿಗಳನ್ನು ಸಾಕುವ ಈರವ್ವ ಮುಂದೆ ಬಂದಳು.

"ಬುದ್ಧೀ, ಗೋಡೆ ಯಾಕೆ ಒಡೀತೀರಿ? ಬಾಗಿಲಿಗೆ ಮೂರು ಕಬ್ಬಿಣದ ಕೊಕ್ಕೆ ಹೊಡೆಸಿ. ಕಟ್ಟಳೆ ಕಲಿತ ಒಂದೊಂದು ಗಿಳೀನ ಪಂಜರದಲ್ಲಿಟ್ಟು ತೂಗಹಾಕಿ. ಬಂದೋರು ಎಲ್ಲಿಂದ ಬಂದ್ವಿ ಅಂತ ಹೇಳಲಿ. ಎಲ್ಲಾ ಗಿಳಿ ಬಿಡು ಅಂದ್ರೆ ಬಿಡೋದು, ಒಂದು ತಡೆ ಅಂದ್ರೂ ತಡೆಯೋದು. ಕಟ್ಟಳೆ ಬದಲಾಯ್ತಾ? ಪಂಜರ ಇಳಿಸಿ ಬೇರೆ ಗಿಳಿ ಹಾಕಿ. ಬಾಗಿಲು ಮುಚ್ಚೋ ಮಾತೇ ಇಲ್ಲ."

ಅರಸ ಹಿಗ್ಗಿದ.

"ಒಂದು ಮಾತು ಅದೆ, ಬುದ್ಧೀ. ತೂಗಹಾಕೋ ಮುಂಚೆ ಪ್ರತಿ ಗಿಳೀನೂ ತುಂಬಿದ ಚಾವಡೀಲಿ ಪಾಠ ಒಪ್ಪಿಸಬೇಕು. ಅದೇನು ಕಲಿತದೆ ಅಂತ ನಾಲ್ಕು ಜನ ಕೇಳಬೇಕು."

"ಹಾಗೇ ಆಗಲಿ," ಎಂದ ಅರಸ. "ಬಾಗಿಲಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. ನನ್ನ ಪಲ್ಲಕ್ಕಿಯಾದರೂ ಕೇಳಿಯೇ ಬಿಡಬೇಕು. ಉತ್ತರ ಹೇಳಬೇಕಾದವರು ಹೊತ್ತವರು, ಕೂತವರಲ್ಲ. ದಾರಿ ಸವೆಸಿದವರಿಗೇ ದಾರಿ ಗೊತ್ತು."

ಕೆಲವು ಕಾಲ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಮಂತ್ರಿ ಭುಜಂಗರಾಯ, "ಒಂದೊಂದು ಹಕ್ಕಿಗೂ ಚಾವಡಿ ಕೂಡಬೇಕೆ, ಪ್ರಭು? ನಾನಿಲ್ಲವೆ ನೋಡಿಕೊಳ್ಳಲು?" ಎಂದ. ಅರಸ ತಲೆಯಾಡಿಸಿದ. ಕೆಟ್ಟಿದ್ದು ಅಲ್ಲೇ.

ಮಂತ್ರಿಯ ಭಾಮೈದ ಹೊಂಗೆಹಳ್ಳ ಎಂಬ ಊರಿನ ಮೇಲ್ಗಡೆ ಬಟ್ಟೆಗೆ ಬಣ್ಣ ಕಟ್ಟುವ ತೊಟ್ಟಿಗಳನ್ನು ಮಾಡಿಸಿದ್ದ. ತೊಟ್ಟಿಯ ಕೊಳಕೆಲ್ಲ ಹಳ್ಳಕ್ಕೆ. ಆ ನೀರು ಕುಡಿದ ಮಕ್ಕಳು ವಾಂತಿ ಮಾಡಿ ಮಾಡಿ ಕಣ್ಣು ಮೇಲೆ ಮಾಡಿದವು. ಅರಸನಿಗೆ ತಿಳಿದರೆ ವೈದ್ಯನನ್ನು ಕಳಿಸುತ್ತಾನೆ. ವೈದ್ಯ ಹೋದರೆ ತೊಟ್ಟಿ ಕಾಣುತ್ತದೆ. ಅದಕ್ಕೇ ಮಂತ್ರಿ ತನ್ನ ಮನೆಯಲ್ಲಿ ಗುಟ್ಟಾಗಿ ಒಂದು ಗಿಳಿಗೆ ಪಾಠ ಹೇಳಿ, ಮೂರನೆಯ ಕೊಕ್ಕೆಗೆ ತೂಗಹಾಕಿಸಿದ.

ಹೊಂಗೆಹಳ್ಳದ ಗೌಡ ಬಂದ. ಕಾವಲಿನವ ಕೇಳಿದ, "ಎಲ್ಲಿಂದ?" "ಹೊಂಗೆಹಳ್ಳದಿಂದ." "ತಡೆ!" ಎಂದಿತು ಗಿಳಿ. ಗೌಡ ಹಿಂದಿರುಗಿದ.

ಊರ ಪೂಜಾರಿ ಬಂದ. ಕೂಸೊಂದನ್ನು ಮಣ್ಣು ಮಾಡಿದ ಕೈ ಇನ್ನೂ ಒದ್ದೆ. "ಎಲ್ಲಿಂದ?" "ಹೊಂಗೆಹಳ್ಳದಿಂದ." "ತಡೆ!" ಪೂಜಾರಿ ಹಿಂದಿರುಗಿದ.

ಕೊನೆಗೆ ಕೆಂಚವ್ವ ಎಂಬ ತಾಯಿ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಮಗುವಿನ ಕತ್ತು ನಿಲ್ಲುತ್ತಿರಲಿಲ್ಲ. "ತಡೆ!" ಎಂದಿತು ಗಿಳಿ. ಕೆಂಚವ್ವ ಹಿಂದಿರುಗಲಿಲ್ಲ. ಬಾಗಿಲ ಮುಂದೆಯೇ ಕುಕ್ಕರಿಸಿದಳು.

ಗಿಳಿಗಳಿಗೆ ಕಾಳು ಹಾಕಲು ಬಂದ ಈರವ್ವ ಇದನ್ನು ಕಂಡಳು.

"ನಾನೇನ್ ಮಾಡ್ಲವ್ವ?" ಎಂದ ಕಾವಲಿನ ಬೈರ. "ಗಿಳಿ ಹೇಳ್ತದೆ, ನಾನು ಅಗಳಿ ಹಾಕ್ತೀನಿ."

"ಗಿಳಿ ಹೇಳ್ತದಂತೆ! ಗಿಳಿಗೆ ಹೇಳಿಕೊಟ್ಟೋನು ಯಾರೋ? ಜೀವ ಉಳೀಲಿ ಅಂತ ನಾನು ಕೊಕ್ಕೆ ಹೊಡೆಸಿದ್ರೆ, ಅದಕ್ಕೆ ಕೂಸಿನ ಕೊರಳು ನೇತುಹಾಕ್ತೀರಲ್ಲೋ!"

ಅವಳು ನೆಟ್ಟಗೆ ಅರಸನ ಬಳಿಗೆ ಹೋದಳು. ಅರಸ ನಂಬಲಿಲ್ಲ. "ರೋಗವಿದ್ದರೆ ಸುದ್ದಿ ಬರುತ್ತಿರಲಿಲ್ಲವೆ, ಈರವ್ವ? ನನ್ನ ಬಾಗಿಲು ಯಾರನ್ನೂ ಸುಮ್ಮನೆ ತಡೆಯದು."

"ಹಾಗಾದ್ರೆ ಆ ಬಾಗಿಲ ಮೇಲೆ ಬಂದು ಒಂದು ಗಳಿಗೆ ಕೂತ್ಕೊಳ್ಳಿ, ಬುದ್ಧೀ."

ಅರಸ ಬಂದು ಬಾಗಿಲ ಮೇಲಿನ ಮಂಟಪದಲ್ಲಿ ಕೂತ. ಮಂತ್ರಿ ಅಂದು ಹೊಂಗೆಹಳ್ಳದಲ್ಲಿದ್ದ ಭಾಮೈದನ ಮನೆಯ ಹಬ್ಬದೂಟಕ್ಕೆ ಹೋಗಿದ್ದಾನೆ, ಬರುವ ಹೊತ್ತಾಗಿದೆ ಎಂಬುದು ಈರವ್ವನಿಗೆ ಗೊತ್ತು. "ಇವತ್ತು ಮಂತ್ರಿ ಪಲ್ಲಕ್ಕೀನೂ ಕೇಳು," ಎಂದಳು ಬೈರನಿಗೆ.

"ಅಯ್ಯಯ್ಯೋ, ಯಾವತ್ತೂ ಕೇಳಿಲ್ಲ! ತಲೆ ಹೋಗ್ತದೆ."

"ಮೇಲೆ ಅರಸರು ಕೂತವ್ರೆ. ಕೇಳದೆ ಬಿಟ್ರೆ ಹೋಗ್ತದೆ ತಲೆ."

ಪಲ್ಲಕ್ಕಿ ಬಂತು. "ಎಲ್ಲಿಂದ?" ಎಂದ ಬೈರ, ತೊದಲುತ್ತ.

ಪಲ್ಲಕ್ಕಿ ಹೊತ್ತ ಬೋಯಿಗಳು ಒಬ್ಬರ ಮುಖ ಒಬ್ಬರು ನೋಡಿದರು. ದೇವರ ಹೆಸರಿಟ್ಟ ಬಾಗಿಲ ಮುಂದೆ ಸುಳ್ಳು ಹೇಳುವುದುಂಟೆ? "ಹೊಂಗೆಹಳ್ಳದಿಂದ."

"ತಡೆ!"

ಮಂತ್ರಿ ಪರದೆ ಸರಿಸಿ ತಲೆ ಹೊರಹಾಕಿದ. "ಬಿಡು!" "ತಡೆ!" "ಬಿಡೇ, ನಾನು ಕಣೇ!" "ತಡೆ!" "ಊಂ... ಊಂ... ಕಲಿಸಿದ ಗುರುವಿಗೇ ತಿರುಗಿ ಬೀಳ್ತೀಯಾ? ಬಿಡು!"

ಗುರುವಿನ ಆ ಕೆಮ್ಮು ಕೇಳಿದ್ದೇ ತಡ, ಗಿಳಿ ಗರಿ ಕೊಡವಿ ಇಡೀ ಪಾಠ ಒಪ್ಪಿಸತೊಡಗಿತು. ಕಲಿಸುವಾಗ ಗೊಣಗಿದ್ದನ್ನೂ ಬಿಡಲಿಲ್ಲ. ಮಂತ್ರಿಯದೇ ದನಿ, ಮಂತ್ರಿಯದೇ ಕೆಮ್ಮು.

"ಊಂ... ಊಂ... ಹೊಂಗೆಹಳ್ಳದೋರು ಯಾರು ಬಂದ್ರೂ ತಡೆ. ಅರಸನ ಕಿವಿಗೆ ಬೀಳಬಾರದು. ವೈದ್ಯ ಹೋದ್ರೆ ಭಾಮೈದನ ತೊಟ್ಟಿ ಕಾಣ್ತದೆ. ಜಾಣಮರಿ, ಇನ್ನೊಂದ್ಸಲ ಹೇಳು. ಸೀಬೆಹಣ್ಣು ಕೊಡ್ತೀನಿ."

ಸುತ್ತ ನಿಂತವರು ಗೊಳ್ಳೆಂದರು. ಕೆಂಚವ್ವ ಮಾತ್ರ ನಗಲಿಲ್ಲ. ಅವಳನ್ನು ನೋಡಿ ಉಳಿದವರ ನಗೆಯೂ ನಿಂತಿತು.

ಅರಸ ಕೆಳಗಿಳಿದು ಬಂದ. ಮಂತ್ರಿಯನ್ನು ಪಲ್ಲಕ್ಕಿಯಿಂದ ಇಳಿಸಿ, ಕೆಂಚವ್ವನನ್ನೂ ಮಗುವನ್ನೂ ಅದರಲ್ಲೇ ಕೂರಿಸಿ ವೈದ್ಯನ ಮನೆಗೆ ಕಳಿಸಿದ. ದೇವರು ದೊಡ್ಡವನು, ಆ ಮಗು ಉಳಿಯಿತು. ಪೂಜಾರಿ ಮಣ್ಣು ಮಾಡಿದ ಕೂಸು ಮಾತ್ರ ಯಾವ ಅರಸನ ಅಪ್ಪಣೆಗೂ ಎದ್ದು ಬರಲಿಲ್ಲ.

"ತೊಟ್ಟಿ ಒಡೆದು, ಹಳ್ಳದ ಹೂಳನ್ನು ನಿನ್ನ ಕೈಯಾರೆ ಎತ್ತು," ಎಂದ ಅರಸ ಮಂತ್ರಿಗೆ. "ನೀರು ತಿಳಿಯಾದಾಗ ಮೊದಲ ಬೊಗಸೆ ನೀನೇ ಕುಡಿಯಬೇಕು."

"ಪ್ರಭು, ಕೊಕ್ಕೆ ಹೊಡೆಸಿದವಳು ಈರವ್ವ," ಎಂದು ಅತ್ತ ಮಂತ್ರಿ. "ತಡೆದದ್ದು ಗಿಳಿ!"

ಈರವ್ವ ಸುಮ್ಮನಿರಲಿಲ್ಲ. "ಕೊಕ್ಕೆ ಕಬ್ಬಿಣ, ಸ್ವಾಮಿ. ಗಿಳಿ ಹಕ್ಕಿ. ಪಾಪ ಹೊರೋಕೆ ಮನುಷ್ಯರೇ ಬೇಕು." ಆಮೇಲೆ ಅರಸನ ಕಡೆ ತಿರುಗಿ, "ಚಾವಡಿ ಬೇಡ ಅಂದಾಗ ತಲೆಯಾಡಿಸಿದೋರು ನೀವು, ಬುದ್ಧೀ," ಎಂದಳು.

ಅರಸ ತಲೆ ತಗ್ಗಿಸಿದ. ಅಂದಿನಿಂದ ಪ್ರತಿ ಗಿಳಿಯೂ ಚಾವಡಿಯಲ್ಲಿ ಪಾಠ ಒಪ್ಪಿಸಿಯೇ ಕೊಕ್ಕೆ ಏರಿತು.

ಈಗಿನ ಕಂಪ್ಯೂಟರಿನೊಳಗೂ ಸುದ್ದಿ ಹಾಯುವ ಬಾಗಿಲುಗಳಿವೆಯಂತೆ, ಮಕ್ಕಳೇ. ಅಲ್ಲೂ ಕೊಕ್ಕೆ ಹೊಡೆದು, ಬೇಕಾದ ಕಟ್ಟಳೆಯನ್ನು ಬೇಕಾದಾಗ ತೂಗಹಾಕುತ್ತಾರಂತೆ. ಹಾಕಲಿ, ಒಳ್ಳೆಯದೇ. ಆದರೆ ನೀತಿ ಎಲ್ಲಿಗೂ ಒಂದೇ: ನಾಲ್ಕು ಜನರ ಮುಂದೆ ಒಪ್ಪಿಸಲಾಗದ ಕಟ್ಟಳೆಯನ್ನು ಬಾಗಿಲಿಗೆ ತೂಗಬಾರದು, ತೂಗಿದವನೂ ಅದರ ಕೆಳಗೇ ಹಾದುಹೋಗಬೇಕು.