ನಲವತ್ತು ಕುರ್ಚಿಯೂ ತುಂಬಿದ ಭಾನುವಾರ

ಹಿರಿಯೂರಿನ ಸೇವಾ ಕ್ಲಬ್ಬಿಗೆ ನಲವತ್ತು ಸದಸ್ಯರಿದ್ದರು. ಸಭೆಗೆ ಬರುವವರು ಮಾತ್ರ ನಾಲ್ಕೇ ಜನ. ಹೊಸ ಅಧ್ಯಕ್ಷ ಪಂಪಾಪತಿಯವರು ಬಂದವರೇ ಅಟೆಂಡರ್ ತಿಪ್ಪಮ್ಮನನ್ನು ಕರೆದರು.

"ಇದು ಪುನಶ್ಚೇತನದ ವರ್ಷ. ಭಾನುವಾರ ನಲವತ್ತು ಜನರೂ ಬರಬೇಕು. ಇಲ್ಲದಿದ್ರೆ ಕ್ಲಬ್ ಮುಚ್ಚಿಬಿಡ್ತೀನಿ, ನೀನು ಬೇರೆ ಕೆಲಸ ನೋಡ್ಕೋ!"

ಹದಿನೆಂಟು ವರ್ಷದಿಂದ ಆ ಖಾಲಿ ಕುರ್ಚಿಗಳ ಧೂಳು ಒರೆಸಿದವಳು ತಿಪ್ಪಮ್ಮ. ಒಂದು ಲೋಟ ಚಹಾ ಕುಡಿದು ಯೋಚಿಸಿದಳು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು.

ಭಾನುವಾರ ಹತ್ತು ಗಂಟೆಗೆ ಮೊದಲೇ ಸಭಾಂಗಣ ತುಂಬಿತು. ಕಾಲು ಮುರಿದುಕೊಂಡಿದ್ದ ವಕೀಲರೂ ಊರುಗೋಲು ಹಿಡಿದು ಬಂದಿದ್ದರು. ಎಲ್ಲರೂ ಸೇರಿದ ಮೇಲೆ ಮಾತು ಬೆಳೆದು, ಶಾಲೆ ಮಕ್ಕಳ ಕಣ್ಣು ತಪಾಸಣೆಗೆ ಒಂದು ದಿನವೂ ನಿಗದಿಯಾಯಿತು.

ಅಧ್ಯಕ್ಷರು ಉಬ್ಬಿಹೋಗಿ ತಿಪ್ಪಮ್ಮನನ್ನು ಕೇಳಿದರು. "ಏನಂತ ಕರೆದೆ? ನನ್ನ ಹೆಸರು ಹೇಳಿದೆಯಾ?"

"ಇಲ್ಲ ಸಾರ್. ಬರದೇ ಇದ್ದವರನ್ನೇ ಮುಂದಿನ ಅಧ್ಯಕ್ಷರನ್ನಾಗಿ ಮಾಡ್ತಾರೆ ಅಂದೆ."

"ಅಯ್ಯೋ, ಅಂಥ ಸುಳ್ಳನ್ನು ಜನ ನಂಬಿದರಾ?"

"ಸುಳ್ಳೆಲ್ಲಿ ಬಂತು ಸಾರ್? ನಿಮ್ಮನ್ನು ಆರಿಸಿದ ದಿನ ನೀವು ದಾವಣಗೆರೆಗೆ ಮದುವೆಗೆ ಹೋಗಿದ್ರಲ್ಲ!"

ಪಂಪಾಪತಿಯವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಗಹಗಹಿಸಿ ನಕ್ಕು, ಅವಳ ಕೈಯಲ್ಲಿದ್ದ ಚಹಾದ ತಟ್ಟೆ ತೆಗೆದುಕೊಂಡು ತಾವೇ ಹಂಚಲು ಹೊರಟರು.