ಕೆಳಗಿನ ಖಾನೆಯ ಸ್ವೆಟರ್

ಮರುಳಪ್ಪ ಮೇಷ್ಟ್ರ ಬೀರುವಿನಲ್ಲಿ ಎರಡು ಇಲಿಗಳು ವಾಸವಾಗಿದ್ದವು, ಅಕ್ಕ ಮತ್ತು ತಂಗಿ. ಮೇಷ್ಟ್ರ ಹೆಂಡತಿ ಮೇಲಿನ ಖಾನೆಯಲ್ಲಿ ಸೀರೆಗಳನ್ನು ಒತ್ತಾಗಿ ಮಡಚಿಟ್ಟಿದ್ದರು. ಅವುಗಳ ಹಿಂದೆ ಅಕ್ಕನ ಮನೆ. ಕೆಳಗಿನ ಖಾನೆಯಲ್ಲಿ ಮೇಷ್ಟ್ರು ಪಂಚೆ, ಅಂಗಿ, ಕಾಲುಚೀಲ ಎಲ್ಲವನ್ನೂ ತುರುಕಿದ್ದರು. ಆ ರಾಶಿಯೊಳಗೆ ತಂಗಿಯ ಮನೆ. ರಾಶಿ ಹೊರಚಾಚಿ ಬೀರುವಿನ ಬಾಗಿಲು ಮುಚ್ಚುತ್ತಲೇ ಇರಲಿಲ್ಲ.

"ಮೇಲೆ ಬಂದುಬಿಡೇ" ಎಂದಳು ಅಕ್ಕ. "ಈ ಮನೆಗೆ ಬೆಕ್ಕು ಬಂದಿದೆ. ನನ್ನ ಖಾನೆಯಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಾಗುತ್ತೆ."

"ಹೋಗಕ್ಕಾ! ನನ್ನ ಖಾನೆಯಲ್ಲಿ ಮೇಷ್ಟ್ರಿಗೇ ಕಾಲುಚೀಲದ ಜೋಡಿ ಸಿಗೋದಿಲ್ಲ. ಬೆಕ್ಕಿಗೆ ನಾನು ಸಿಗ್ತೀನಾ?"

ಸಂಜೆ ತಂಗಿ ತಿಂಡಿ ಹುಡುಕಿಕೊಂಡು ಹೋಗಿ ಮನೆಗೆ ಮರಳಿದಳು. ರಾಶಿಯ ಮೇಲೊಂದು ಬೂದು ಬಣ್ಣದ ಸ್ವೆಟರ್ ಬಿದ್ದಿತ್ತು. ಬೆಚ್ಚಗಿತ್ತು. ಅದಕ್ಕೆ ಒರಗಿಕೊಂಡು, "ಪಾಪ, ಬೆಕ್ಕು ಇನ್ನೂ ಹುಡುಕುತ್ತಿರಬೇಕು" ಎಂದು ನಕ್ಕಳು.

"ಇಲ್ಲಮ್ಮ" ಎಂದಿತು ಸ್ವೆಟರ್. "ಬೆಳಗ್ಗೆಯಿಂದ ಹುಡುಕಿದೆ, ನೀನು ಸಿಗಲಿಲ್ಲ. ನೀನೇ ಬರಲಿ ಅಂತ ಇಲ್ಲೇ ಮಲಗಿದೆ."

ತಂಗಿ ಎದ್ದೋಡಿದಳು. ಪಂಚೆಗೆ ಕಾಲು ಸಿಕ್ಕಿಕೊಂಡಿತು. ಅಂಗಿಯ ತೋಳಿಗೆ ನುಗ್ಗಿ ದಾರಿ ತಪ್ಪಿದಳು. ಹೇಗೋ ಹೊರಬಿದ್ದು ಸೀರೆಗಳ ಹಿಂದೆ ತೂರಿದಾಗ, ಅರ್ಧ ಬಾಲ ಬೆಕ್ಕಿನ ಬಾಯಲ್ಲಿ ಉಳಿದಿತ್ತು. ಆ ಸಂದಿಯಲ್ಲಿ ಬೆಕ್ಕಿನ ತಲೆ ಹಿಡಿಸಲಿಲ್ಲ.

ಬೆಕ್ಕು ಬೈದುಕೊಂಡು ಹೋದ ಮೇಲೆ ತಂಗಿ ಮೆಲ್ಲಗೆ ಕೇಳಿದಳು:

"ಅಕ್ಕಾ, ಸ್ವೆಟರ್ ಮಡಚೋದು ಹೇಗೆ?"

"ಮೊದಲು ಅದು ಉಸಿರಾಡುತ್ತಾ ನೋಡು" ಎಂದಳು ಅಕ್ಕ.