ಗೋಪಾಲಸ್ವಾಮಿಯ ಗ್ರಾಮಫೋನು

ಗೋಪಾಲಸ್ವಾಮಿಯ ದಯೆಯಿಂದ ನಡೆದ ಸಂಗತಿ ಇದು.

ಊರ ಜಮೀನನ್ನು ಇನಾಮಾಗಿ ಪಡೆದಿದ್ದ ಜೋಡಿದಾರ ಶ್ರೀಪತಯ್ಯನವರಿಗೆ ಕೀಲಿ ಕೊಟ್ಟು ಹಾಡಿಸುವ ಹಳೆಯ ಪೆಟ್ಟಿಗೆ ಗ್ರಾಮಫೋನುಗಳ ಹುಚ್ಚು. ಊರೂರು ತಿರುಗಿ ತಂದು ಹಜಾರದಲ್ಲಿ ಸಾಲಾಗಿ ಇಟ್ಟಿದ್ದರು. ಒಂದೇ ಪ್ಲೇಟನ್ನು ಎಲ್ಲದರಲ್ಲೂ ಹಾಕಿ, ಯಾವುದರ ದನಿ ಇಂಪೆಂದು ಹೋಲಿಸುವರು. ಗೋಪಾಲಸ್ವಾಮಿಯ ಗುಡಿಯಲ್ಲೂ ಅಂಥದೊಂದಿತ್ತು. ನಾಗಸ್ವರದವರು ತೀರಿಕೊಂಡ ಮೇಲೆ ಸ್ವಾಮಿಗೆ ಬೆಳಗಿನ ಹಾಡು ಅದರಿಂದಲೇ.

"ತಂದು ತೋರಿಸು" ಎಂದು ಗುಡಿಯ ಪರಿಚಾರಕನಿಗೆ ಹೇಳಿಕಳಿಸಿದರು. ಗುಡಿಯ ಧರ್ಮದರ್ಶಿಯೂ ಅವರೇ. ಅವನು ಮಡಿಬಟ್ಟೆಯಲ್ಲಿ ಸುತ್ತಿ ತಂದ. ಜೋಡಿದಾರರು ಕೇಳಿ ತಲೆದೂಗಿ, ಕೈಯಾರೆ ಎತ್ತಿ ಸಾಲಿನ ನಡುವೆ ಇಟ್ಟರು.

"ಇನ್ನು ಇದು ಇಲ್ಲೇ ಇರಲಿ ಕಣಯ್ಯ. ಸ್ವಾಮಿಗೆ ಗಂಟೆ ಸಾಕು."

ನಾಳೆ ಸ್ವಾಮಿಯ ಬಾಗಿಲು ಹಾಡಿಲ್ಲದೆ ತೆರೆಯಬೇಕೆ? ಪರಿಚಾರಕ ಕಣ್ಣು ಮುಚ್ಚಿ ಸ್ವಾಮಿಯನ್ನು ನೆನೆದ. ಬಳಿಕ ಆ ಸಾಲಿಗೆಲ್ಲ ಕೈಮುಗಿದು, ಒಂದೊಂದೇ ಪೆಟ್ಟಿಗೆಯ ಮುಚ್ಚಳ ಮುಚ್ಚತೊಡಗಿದ.

"ಏನು ಮಾಡ್ತಿದೀಯಯ್ಯ?"

"ಆಳುಗಳನ್ನು ಕರೆಸಿ ಸ್ವಾಮಿ, ಎಲ್ಲ ಗುಡಿಗೆ ಸಾಗಿಸಬೇಕು. ಒಂದು ಉದ್ಧರಣೆ ತೀರ್ಥ ಬಿದ್ದರೆ ಬಿಂದಿಗೆ ನೀರೆಲ್ಲ ತೀರ್ಥ ಅಂತ ತಾವೇ ಜನಕ್ಕೆ ಹೇಳ್ತೀರಿ. ದೇವರದ್ದನ್ನು ತಾವೇ ಸಾಲಿಗೆ ಬೆರೆಸಿದಿರಿ. ಈಗ ಸಾಲೆಲ್ಲ ದೇವರದ್ದೇ. ಎಂಥ ಸೇವೆ ಅಂತ ಸಂಜೆ ಭಜನೆಯಲ್ಲಿ ಸಾರ್ತೀನಿ."

ಜೋಡಿದಾರರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಮುಖ ಸಪ್ಪಗಾಯಿತು.

"ಬೆರೆಸಿದ್ದಲ್ಲವಯ್ಯ. ಹೋಲಿಸೋಕೆ ಪಕ್ಕದಲ್ಲಿಟ್ಟೆ, ಅಷ್ಟೆ."

"ಹೋಲಿಸಿದ್ದು ಮುಗೀತೇ ಸ್ವಾಮಿ?"

"ಮುಗೀತು, ಮುಗೀತು. ತಗೊಂಡು ಹೊರಡು. ಹುಷಾರು, ಉಳಿದವಕ್ಕೆ ತಗಲಿಸಬೇಡ."

ಮರುದಿನ ನಸುಕಿನಲ್ಲಿ ಗೋಪಾಲಸ್ವಾಮಿ ಹಾಡು ಕೇಳಿಯೇ ಕಣ್ಣು ತೆರೆದ.